ಕ್ರಿಯಾಪದದ ಬಹುವಚನ: ಕರ್ತೃವಿನದೋ, ಕ್ರಿಯೆಯದೋ?

ಕ್ರಿಯಾಪದದ ವಚನವನ್ನು ಆಖ್ಯಾತಪ್ರತ್ಯಯದ ಪ್ರಕರಣದಲ್ಲಿಯೇ ವಿವೇಚಿಸುವುದು ಕನ್ನಡ ವ್ಯಾಕರಣಗಳ ವಾಡಿಕೆ. ‘ಹುಡುಗನು ಬಂದನು’, ‘ಹುಡುಗರು ಬಂದರು’ ಎಂಬಲ್ಲಿ ‘ಬರು’ ಧಾತುವಿಗೆ ವಚನವಿಲ್ಲ; ಕರ್ತೃಪದದ ವಚನವು ಪ್ರತ್ಯಯದಲ್ಲಿ ಪ್ರತಿಫಲಿಸುತ್ತದೆಯಷ್ಟೆ. ಆ ಪ್ರತಿಫಲನವೂ ಪೂರ್ತಿ ನಂಬತಕ್ಕದ್ದಲ್ಲ. ‘ಗುರುಗಳು ಬಂದರು’ ಎಂದಾಗ ಬಂದವರು ಒಬ್ಬರೇ ಆಗಿರಬಹುದು. ಆಡುಮಾತಿನಲ್ಲಿ ‘ದನಗಳು ಬಂತು’ ಎಂಬ ಪ್ರಯೋಗವೂ ಉಂಟು.

ಇಂತಹ ಹೊಂದಾಣಿಕೆ ಭಾಷೆಗೆ ಅನಿವಾರ್ಯವೇ? ಕೃತಕ ಭಾಷೆಗಳು ಇದಕ್ಕೆ ಎರಡು ಬಗೆಯ ಉತ್ತರ ನೀಡಿವೆ. 1880ರ ಸುಮಾರಿಗೆ ಜರ್ಮನಿಯ ಪಾದ್ರಿ ಶ್ಲೇಯರ್ ರಚಿಸಿದ ವೋಲಾಪ್ಯೂಕ್‌ನಲ್ಲಿ ‘ಲ್ಯೋಫೋಬ್’ ಎಂದರೆ ಪ್ರೀತಿಸುತ್ತೇನೆ, ‘ಲ್ಯೋಫೋಬ್ಸ್’ ಎಂದರೆ ಪ್ರೀತಿಸುತ್ತೇವೆ. ನಾಮಪದಕ್ಕೆ ಹತ್ತುವ ‘ಸ್’ ಪ್ರತ್ಯಯವೇ ಇಲ್ಲಿಯೂ ಹತ್ತುತ್ತದೆ. 1887ರಲ್ಲಿ ಪ್ರಕಟವಾದ ಝಮೆನ್‌ಹಾಫನ ಎಸ್ಪೆರಾಂಟೊದಲ್ಲಾದರೋ ನಾನು ಹೋದರೂ ನಾವು ಹೋದರೂ ‘ಇರಾಸ್’ ಒಂದೇ. ಕ್ರಿಯಾಪದವನ್ನು ಹೀಗೆ ಹಗುರಗೊಳಿಸಿದ ಆತನೇ ಗುಣವಾಚಕಕ್ಕೆ ಬಹುವಚನವನ್ನು ಕಡ್ಡಾಯವಾಗಿಸಿದುದು ಸೋಜಿಗ.

ಇವೆಲ್ಲವುಗಳಲ್ಲಿಯೂ ಪ್ರಶ್ನೆ ಕರ್ತೃವಿನ ಸಂಖ್ಯೆಯದು. ಧಾತುವೇ ಸಂಖ್ಯೆಯನ್ನು ಹೊತ್ತ ಭಾಷೆಗಳ ಸ್ವರೂಪ ಬೇರೆ. ಜಾರ್ಜಿಯನ್ ಭಾಷೆಯಲ್ಲಿ ಒಬ್ಬನು ಕುಳಿತರೆ ‘ದಜ್ದ’; ಹಲವರು ಕುಳಿತರೆ ಧಾತುವೇ ಬದಲಾಗಿ ‘ದಸ್ಖ್ದ್‌ನೆನ್’. ‘ಮೂವರು ಗೆಳೆಯರು ಕುಳಿತರು’ ಎನ್ನುವಾಗ ಸಂಖ್ಯಾವಾಚಕದ ಮುಂದಿನ ನಾಮಪದ ಏಕವಚನದಲ್ಲಿ ನಿಲ್ಲುತ್ತದೆ, ಪ್ರತ್ಯಯವೂ ಏಕವಚನವಾಗುತ್ತದೆ. ಧಾತು ಮಾತ್ರ ಹಲವರದೇ: ‘ದಸ್ಖ್ದ’. ಪ್ರತ್ಯಯದ ವಚನ ಬೇರೆ, ಧಾತುವಿನ ಸಂಖ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಿರಳ. ಗ್ರೆವಿಲ್ ಕಾರ್ಬೆಟ್ ಅವರು ವಚನವನ್ನು ಕುರಿತ ತಮ್ಮ 2000ದ ಗ್ರಂಥದಲ್ಲಿ ಈ ಭೇದವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಪಶ್ಚಿಮ ಆಫ್ರಿಕದ ಹೌಸಾದಲ್ಲಿ ‘ಕಿರಾ’ ಎಂದರೆ ಕರೆ. ಆದ್ಯಕ್ಷರ ದ್ವಿರುಕ್ತಗೊಂಡ ‘ಕಿಕ್ಕಿರಾ’ ಎಂದರೆ ಹಲವರನ್ನು ಅಥವಾ ಹಲವು ಬಾರಿ ಕರೆ. (ಕನ್ನಡದ ‘ಕಿಕ್ಕಿರಿ’ಯೊಡನೆ ಕಾಣುವ ಹೋಲಿಕೆ ಆಕಸ್ಮಿಕವಷ್ಟೆ.)

ಈ ಬೆಳಕಿನಲ್ಲಿ ‘ಅವನು ಕರೆದು ಕರೆದು ಸೋತನು’ ಎಂಬ ವಾಕ್ಯ ಗಮನಾರ್ಹ. ಇಲ್ಲಿ ಕರ್ತೃ ಒಬ್ಬನೇ, ಪ್ರತ್ಯಯವೂ ಏಕವಚನದ್ದೇ. ಕರೆ ಮಾತ್ರ ಹಲವು. ಇದನ್ನು ದ್ವಿರುಕ್ತಿಯ ಪಟ್ಟಿಗೆ ಸೇರಿಸಿ ಮುಂದೆ ಸಾಗುವುದರಿಂದ ವಚನದ ಪ್ರಶ್ನೆಯೇ ಮರೆಯಾಗುತ್ತದೆ. ಆದರೆ ಹೌಸಾದ ರೂಪದೊಡನೆ ಇದನ್ನು ಸಮೀಕರಿಸಲೂ ಆಗದು. ಕನ್ನಡದಲ್ಲಿ ಇಮ್ಮಡಿಸುವುದು ಕೃದಂತಾವ್ಯಯವೇ ಹೊರತು ಧಾತುವಲ್ಲ. ಅರ್ಥವೂ ಧಾತುವನ್ನು ಅವಲಂಬಿಸಿದೆ: ‘ಹೊಡೆದು ಹೊಡೆದು’ ಎಂಬಲ್ಲಿ ಪೆಟ್ಟುಗಳನ್ನು ಎಣಿಸಬಹುದು, ‘ನಡೆದು ನಡೆದು’ ಎಂಬಲ್ಲಿ ಒಂದೇ ನಡಿಗೆ ದೀರ್ಘವಾಗಿದೆ.