ಬಿಸಿಲಿನಿಂದ ತಂಪು

ಬೇಸಿಗೆಯಲ್ಲಿ ಮನೆಯನ್ನು ಕಾಯಿಸುವವನು ಸೂರ್ಯ. ಅವನ ಬಿಸಿಲಿನಿಂದಲೇ ಮನೆಯನ್ನು ತಂಪುಗೊಳಿಸಬಹುದೆಂದರೆ ಕೇಳಿದವರಿಗೆ ವಿನೋದವೆನಿಸೀತು. ಆದರೆ 1878ರಲ್ಲಿಯೇ, ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ, ಆಗಸ್ಟಿನ್ ಮೂಶೋ ಎಂಬ ಗಣಿತೋಪಾಧ್ಯಾಯನು ದೊಡ್ಡ ದರ್ಪಣದಿಂದ ಬಿಸಿಲನ್ನು ಒಗ್ಗೂಡಿಸಿ, ಆ ಶಾಖದ ನೆರವಿನಿಂದ ಮಂಜುಗಡ್ಡೆಯನ್ನು ತಯಾರಿಸಿ ತೋರಿಸಿದ್ದನು. ಈ ಕೌತುಕವು ವಾಸದ ಮನೆಯನ್ನು ಮುಟ್ಟಲು ಸುಮಾರು ನೂರು ವರ್ಷಗಳೇ ಬೇಕಾದುವು.

ಅಮೆರಿಕದ ಕೊಲರಾಡೊ ಪ್ರಾಂತದ ಫೋರ್ಟ್ ಕಾಲಿನ್ಸ್ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬೇಸಿಗೆಯ ಹಗಲು ಚುರುಗುಟ್ಟುತ್ತದೆ. 1973ರ ತೈಲದ ಬಿಕ್ಕಟ್ಟಿನಿಂದ ಇಂಧನವು ದುಬಾರಿಯಾಗಿದ್ದಾಗ, ಅಲ್ಲಿನ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಲೋಫ್ ಮತ್ತು ಅವರ ಸಂಗಡಿಗರು ವಾಸದ ಮನೆಯ ಮಾದರಿಯಲ್ಲಿ ಒಂದು ಕಟ್ಟಡವನ್ನು ಪ್ರಯೋಗಕ್ಕಾಗಿ ನಿಲ್ಲಿಸಿದರು. ಅದು 1974ರಲ್ಲಿ ಸಿದ್ಧವಾಯಿತು. ಅದರ ಚಾವಣಿಯ ಮೇಲೆ ಬಿಸಿಲನ್ನು ಹೀರುವ ಸುಮಾರು 70 ಚದರ ಮೀಟರಿನಷ್ಟು ಫಲಕಗಳಿದ್ದುವು. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು, ಬೇಸಿಗೆಯಲ್ಲಿ ತಂಪಾಗಿಡುವುದು ಎರಡೂ ಅವುಗಳದೇ ಹೊಣೆ. ತಂಪು ಕೆಲವೇ ತಿಂಗಳು ಬೇಕಾಗುವ ಸಮಶೀತೋಷ್ಣ ಪ್ರದೇಶದಲ್ಲಿ, ಉಳಿದ ಕಾಲವೆಲ್ಲ ಸುಮ್ಮನಿರುವ ಯಂತ್ರಕ್ಕೆ ಯಾರು ಹಣ ಹಾಕಿಯಾರು?

ತಂಪಿನ ಗುಟ್ಟು ನಮ್ಮ ಮಣ್ಣಿನ ಹೂಜಿಯಲ್ಲಿಯೇ ಇದೆ. ಅದರ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಈ ಯಂತ್ರದಲ್ಲಿ ಗಾಳಿಯನ್ನು ಹೊರತೆಗೆದ ಪಾತ್ರೆಯೊಂದುಂಟು. ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನೂರನೆಯ ಒಂದು ಪಾಲು. ಅಷ್ಟು ಕಡಿಮೆ ಒತ್ತಡದಲ್ಲಿ ನೀರು 7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿದು, ಅದಕ್ಕೆ ಬೇಕಾದ ಶಾಖವನ್ನು ಮನೆಯ ಗಾಳಿಯಿಂದ ಸೆಳೆದುಕೊಳ್ಳುತ್ತದೆ. ಹುಟ್ಟಿದ ಆವಿಯನ್ನು ಆಗಿಂದಾಗಲೇ ತೆಗೆಯದಿದ್ದರೆ ಕುದಿತವು ನಿಂತುಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ತೇವವನ್ನು ಹೀರಿ ನೀರೊಡೆಯುವುದನ್ನು ನೋಡಿದ್ದೇವಷ್ಟೆ. ಲಿಥಿಯಂ ಬ್ರೋಮೈಡ್ ಎಂಬ ಲವಣದ ದಾಹ ಅದಕ್ಕಿಂತಲೂ ಹೆಚ್ಚು. ಅದರ ದ್ರಾವಣವು ಆವಿಯನ್ನೆಲ್ಲ ಹೀರಿಕೊಳ್ಳುತ್ತದೆ. ಹೀಗೆ ತೆಳುವಾದ ದ್ರಾವಣವನ್ನು ಕಾಯಿಸಿ ನೀರನ್ನು ಬೇರ್ಪಡಿಸುವುದಷ್ಟೇ ಬಿಸಿಲಿನ ಕೆಲಸ.

ತೊಡಕಿರುವುದೂ ಇಲ್ಲಿಯೇ. ಮನೆಯನ್ನು ಬೆಚ್ಚಗಿಡಲು 40–50 ಡಿಗ್ರಿಯ ನೀರು ಸಾಕು. ಈ ದ್ರಾವಣವನ್ನು ಕಾಯಿಸಲು 80 ಡಿಗ್ರಿಗೂ ಮೇಲ್ಪಟ್ಟ ನೀರು ಬೇಕು. ಫಲಕವು ಹೆಚ್ಚು ಕಾದಷ್ಟೂ ಅದರ ಶಾಖವು ಹೊರಗಿನ ಗಾಳಿಗೆ ಹೆಚ್ಚು ಸೋರುತ್ತದೆ. ಬಿಸಿನೀರಿನ ತೊಟ್ಟಿಯು ಮನೆಯೊಳಗಿದ್ದರಂತೂ ಅಲ್ಲಿ ಸೋರಿದ ಶಾಖವನ್ನೂ ಯಂತ್ರವೇ ಹೊರಹಾಕಬೇಕು. ಬಿಡಿ ಯಂತ್ರವನ್ನು ಪ್ರಯೋಗಶಾಲೆಯಲ್ಲಿ ಅಳೆದರೆ ಇಂಥ ನಷ್ಟ ಕಾಣದು. ಇಡೀ ಮನೆಯನ್ನೇ ಪರೀಕ್ಷೆಗೊಡ್ಡಬೇಕಾದುದು ಅದಕ್ಕಾಗಿ.

ಲೆಕ್ಕ ಹೀಗೆ. ಫಲಕದ ಮೇಲೆ ಬಿದ್ದ ಬಿಸಿಲಿನ 100 ಪಾಲಿನಲ್ಲಿ 40 ಪಾಲು ನೀರಿಗೆ ಸೇರಿತೆನ್ನೋಣ. ಇಂಥ ಯಂತ್ರವು ಅದರ ಸುಮಾರು 0.7ರಷ್ಟು, ಎಂದರೆ 28 ಪಾಲು ಶಾಖವನ್ನು ಮನೆಯಿಂದ ತೆಗೆಯುತ್ತದೆ. ಇಂದಿನ ಸೌರವಿದ್ಯುತ್ ಫಲಕವು 20 ಪಾಲನ್ನು ಮಾತ್ರ ವಿದ್ಯುತ್ತಾಗಿಸಿದರೂ, ಆ ವಿದ್ಯುತ್ತಿನಿಂದ ನಡೆಯುವ ಸಾಮಾನ್ಯ ಹವಾನಿಯಂತ್ರಕವು ಅದರ ಮೂರು ಪಟ್ಟು, ಅಂದರೆ 60 ಪಾಲು ಶಾಖವನ್ನು ಹೊರಹಾಕಬಲ್ಲುದು. 1974ರಲ್ಲಿ ಅಂಥ ಫಲಕಗಳು ಕೃತಕ ಉಪಗ್ರಹಗಳಿಗೆ ಒದಗುತ್ತಿದ್ದುವೇ ಹೊರತು ಗೃಹಸ್ಥರ ಕೈಗೆ ಎಟುಕುತ್ತಿರಲಿಲ್ಲ. ಬೆಲೆ ಇಳಿದ ಮೇಲೆ ಮನೆಗಳು ಹೆಚ್ಚಾಗಿ ಈ ದಾರಿಯನ್ನೇ ಹಿಡಿದಿವೆ. ಆದರೂ ಹಗಲೆಲ್ಲ ಕಾದ ಗೋಡೆಗಳು ಸಂಜೆಯ ವೇಳೆಗೂ ಆರುವುದಿಲ್ಲ. ಆ ಹೊತ್ತಿಗೆ ಫೋರ್ಟ್ ಕಾಲಿನ್ಸಿನ ಮನೆಗೆ ತೊಟ್ಟಿಯಲ್ಲಿ ಕೂಡಿಟ್ಟ ಬಿಸಿನೀರಿತ್ತು. ವಿದ್ಯುತ್ ಫಲಕಗಳ ಮನೆಯವರು ಬ್ಯಾಟರಿಯನ್ನೋ ಊರಿನ ವಿದ್ಯುತ್ ತಂತಿಯನ್ನೋ ಆಶ್ರಯಿಸಬೇಕಾಗಿದೆ.