ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ: ನಮ್ಮ ಜಮಾಅತ್‌ಗಳು ಏನು ಮಾಡಬಹುದು?

2025 ರ ಮಾರ್ಚ್ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಿಂದ ಬಂದ ಸುದ್ದಿಯನ್ನು ನಮ್ಮಲ್ಲಿ ಹಲವರು ಓದಿರಬಹುದು. ಆರೋಗ್ಯ ಇಲಾಖೆಯವರು ನಡೆಸಿದ ತಪಾಸಣೆಯಲ್ಲಿ ಮೊದಲು ಒಬ್ಬರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಅವರ ಜೊತೆಗಿದ್ದವರನ್ನು ಪರೀಕ್ಷಿಸುತ್ತಾ ಹೋದಾಗ ಒಟ್ಟು 10 ಮಂದಿಗೆ ಸೋಂಕು ತಗಲಿರುವುದು ಬೆಳಕಿಗೆ ಬಂತು. ಅವರು ಮಾದಕ ವಸ್ತು ಚುಚ್ಚಿಕೊಳ್ಳಲು ಸಿರಿಂಜ್ ಹಂಚಿಕೊಳ್ಳುತ್ತಿದ್ದರು.

ಮಲಪ್ಪುರಂ ನಮಗೆ ದೂರದ ಊರಲ್ಲ. ನಮ್ಮ ಮದ್ರಸಗಳಲ್ಲಿ ಕಲಿಸಿದ ಎಷ್ಟೋ ಉಸ್ತಾದರು ಆ ಕಡೆಯವರು. ನಮ್ಮ ಮಕ್ಕಳು ದರ್ಸ್ ಕಲಿಯಲು ಹೋಗುವುದೂ ಆ ಕಡೆಗೇ. ಆ ಸುದ್ದಿ ಬಂದ ಮೇಲೆ ಒಂದು ದಿನ, ಮದ್ರಸ ಬಿಡುವ ಹೊತ್ತಿಗೆ ಮಗುವನ್ನು ಕರೆದುಕೊಂಡು ಹೋಗಲು ಬಂದ ಒಬ್ಬ ಉಮ್ಮ ಗೇಟಿನ ಹತ್ತಿರ ನಿಂತು ತಗ್ಗಿದ ಸ್ವರದಲ್ಲಿ ಕೇಳಿದರು: "ಉಸ್ತಾದರೇ, ದೊಡ್ಡ ಮಗನ ಕೈಯಲ್ಲಿ ಚುಚ್ಚಿದ ಗುರುತು ಉಂಟು. ಯಾರ ಹತ್ತಿರ ಹೇಳುವುದು? ಹೊರಗೆ ಗೊತ್ತಾದರೆ ಮಗಳ ಮದುವೆ ಕತೆ ಏನು?"

ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. "ದುಆ ಮಾಡುವ" ಅಂದೆವು. ಮನೆಗೆ ಬಂದು ಕೂತಾಗ ಆ ಉತ್ತರ ಸಾಲದು ಅಂತ ನಮಗೇ ಅನ್ನಿಸಿತು. ಅಂದು ಆ ಉಮ್ಮನಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ರೋಗ ಹರಡುವ ದಾರಿ ತಿಳಿಯೋಣ. ಒಬ್ಬ ಚುಚ್ಚಿಕೊಂಡ ನಂತರ ಸೂಜಿಯಲ್ಲಿ, ಸಿರಿಂಜ್‌ನ ಒಳಗೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ. ಅದೇ ಸಿರಿಂಜ್ ಇನ್ನೊಬ್ಬನ ಕೈಗೆ ಹೋದರೆ ಆ ರಕ್ತ ನೇರವಾಗಿ ಅವನ ನರಕ್ಕೆ ಸೇರುತ್ತದೆ. ಒಳಗೆ ಉಳಿದ ವೈರಸ್ ಹಲವು ದಿನ ಜೀವಂತ ಇರಬಲ್ಲದು. ನೀರಲ್ಲಿ ತೊಳೆದರೆ ಸಾಕು ಅಂತ ಹುಡುಗರು ತಿಳಿಯುತ್ತಾರೆ, ಅದು ಸಾಕಾಗುವುದಿಲ್ಲ. ಹೆಪಟೈಟಿಸ್ ಸಿ ಎಂಬ ಪಿತ್ತಜನಕಾಂಗದ ಕಾಯಿಲೆ ಹರಡುವುದೂ ಇದೇ ದಾರಿಯಲ್ಲಿ. ಆದರೆ ಒಂದೇ ಬಟ್ಟಲಲ್ಲಿ ಉಣ್ಣುವುದರಿಂದ, ಸಲಾಂ ಹೇಳಿ ಕೈ ಕೊಡುವುದರಿಂದ, ಒಂದೇ ಹೌಳ್‌ನಲ್ಲಿ ವುಳೂ ಮಾಡುವುದರಿಂದ, ಒಂದೇ ಸಫ್ಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದರಿಂದ ಎಚ್‌ಐವಿ ಹರಡುವುದಿಲ್ಲ.

ಸಿರಿಂಜ್ ಮೂಲಕ ಈ ರೋಗ ಎಷ್ಟು ಬೇಗ ಹಬ್ಬುತ್ತದೆ ಎಂಬುದನ್ನು ನಮ್ಮ ದೇಶ ಮಣಿಪುರದಲ್ಲಿ ನೋಡಿದೆ. 1989-90 ರಲ್ಲಿ ಅಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಸೋಂಕು ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ, ಪರೀಕ್ಷಿಸಿದವರ ಪೈಕಿ ಅರ್ಧದಷ್ಟು ಮಂದಿಗೆ ಅದು ತಲುಪಿತ್ತು. ಆ ನಂತರ ಅವರ ಹೆಂಡಂದಿರಿಗೆ, ಹುಟ್ಟುವ ಮಕ್ಕಳಿಗೂ ಬಂತು. ದೇಶದಲ್ಲಿ ವಯಸ್ಕರ ಪೈಕಿ ಎಚ್‌ಐವಿ ಇರುವವರು ಸಾವಿರಕ್ಕೆ ಇಬ್ಬರು. ಚುಚ್ಚಿಕೊಳ್ಳುವವರ ಪೈಕಿ 2017 ರ ಸರಕಾರಿ ಸಮೀಕ್ಷೆಯಲ್ಲಿ ಅದು ನೂರಕ್ಕೆ ಆರಕ್ಕಿಂತ ಹೆಚ್ಚಿತ್ತು.

ಹಾಗಾದರೆ ಇದನ್ನು ತಡೆಯುವುದು ಹೇಗೆ? ಇಲ್ಲಿ ಮಲೇಷ್ಯಾದ ಅನುಭವ ನಮಗೆ ಪಾಠವಾಗಬೇಕು. ಅದು ನಮ್ಮ ಹಾಗೆಯೇ ಶಾಫಿಈ ಮದ್ಸ್‌ಹಬ್‌ನವರು ಹೆಚ್ಚಿರುವ ದೇಶ. ಮಾದಕ ವಸ್ತು ಸಾಗಿಸಿದವರಿಗೆ ಗಲ್ಲು, ಸೇವಿಸಿದವರಿಗೆ ಸೆರೆಯಂಥ ಪುನರ್ವಸತಿ ಶಿಬಿರ, ಇಷ್ಟೆಲ್ಲ ಕಠಿಣ ಕಾನೂನು ಅಲ್ಲಿತ್ತು. ಆದರೂ 2002 ರ ಒಂದೇ ವರ್ಷದಲ್ಲಿ 6,978 ಹೊಸ ಎಚ್‌ಐವಿ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸೂಜಿ ಚುಚ್ಚಿಕೊಳ್ಳುವವರದ್ದು, ಅದರಲ್ಲೂ ಹೆಚ್ಚಿನವರು ಮಲಯ್ ಮುಸ್ಲಿಂ ಯುವಕರು.

ಆಗ ಸರಕಾರ ದಾರಿ ಬದಲಿಸಿತು. 2005 ರಲ್ಲಿ ಮೆಥಡೋನ್ ಚಿಕಿತ್ಸೆ, 2006 ರಲ್ಲಿ ಹಳೆ ಸೂಜಿ ಪಡೆದು ಹೊಸ ಸೂಜಿ ಕೊಡುವ ಯೋಜನೆ ಆರಂಭವಾಯಿತು. ಮೆಥಡೋನ್ ಎಂಬುದು ದಿನಕ್ಕೊಮ್ಮೆ ಸಿಬ್ಬಂದಿಯ ಎದುರಲ್ಲೇ ಕುಡಿಯುವ ಔಷಧ. ಹೆರಾಯಿನ್ ಸಿಗದಾಗ ಬರುವ ಮೈನೋವು, ನಡುಕ, ವಾಂತಿಯನ್ನು ಅದು ತಡೆಯುತ್ತದೆ. ಚುಚ್ಚಿಕೊಳ್ಳುವ ಅಗತ್ಯವೇ ಬೀಳದ ಕಾರಣ ಮನುಷ್ಯ ಕೆಲಸಕ್ಕೆ ಹೋಗಬಲ್ಲ, ಮನೆ ನೋಡಿಕೊಳ್ಳಬಲ್ಲ.

"ಸೂಜಿ ಕೊಡುವುದೆಂದರೆ ಹರಾಮಿಗೆ ಸಹಾಯ ಮಾಡಿದಂತೆ ಅಲ್ಲವಾ?" ಎಂಬ ಪ್ರಶ್ನೆ ಅಲ್ಲೂ ಎದ್ದಿತು. ನ್ಯಾಯವಾದ ಪ್ರಶ್ನೆಯೇ. ಆದರೆ ಫಿಖ್ಹ್ ಓದಿದವರಿಗೆ ಗೊತ್ತು, ಎರಡು ಕೇಡುಗಳ ನಡುವೆ ಸಿಕ್ಕಿಬಿದ್ದಾಗ ಸಣ್ಣದನ್ನು ತಾಳಿಕೊಂಡು ದೊಡ್ಡದನ್ನು ತಪ್ಪಿಸಬೇಕು ಎಂಬ ನಿಯಮ ಇದೆ. ಜೀವದ ರಕ್ಷಣೆ ಶರೀಅತ್ತಿನ ಮೂಲ ಉದ್ದೇಶಗಳಲ್ಲಿ ಒಂದು. ಚಟ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗ ತೌಬಾ ಮಾಡಬೇಕಾದರೂ ಮೊದಲು ಬದುಕಿರಬೇಕು. ಅವನ ಹೆಂಡತಿ ಮಾಡಿದ ತಪ್ಪಾದರೂ ಏನು?

2010 ರಲ್ಲಿ ಮಲೇಷ್ಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ವಾಲಾಲಂಪುರದಲ್ಲಿ ಮಲಯಾ ವಿಶ್ವವಿದ್ಯಾಲಯದ ಹತ್ತಿರ ಇರುವ ಅರ್‍ರಹ್ಮಾನ್ ಮಸೀದಿಯಲ್ಲೇ ಮೆಥಡೋನ್ ಕೊಡಲು ಶುರು ಮಾಡಿದರು. ಔಷಧ ಕೊಡುವುದು ಆಸ್ಪತ್ರೆಯ ಪರಿಣತರು. ಜೊತೆಗೆ ಮಸೀದಿಯಲ್ಲಿ ನಮಾಝ್, ದೀನೀ ತರಗತಿ, ಸಮಾಧಾನದ ಮಾತು. ಆಸ್ಪತ್ರೆಗೆ ಹೋಗಲು ನಾಚುತ್ತಿದ್ದವರು ಮಸೀದಿಯ ಬಾಗಿಲಿಗೆ ಬಂದರು. ದೇಶದಲ್ಲಿ 2018 ರ ಹೊತ್ತಿಗೆ ವರ್ಷದ ಹೊಸ ಎಚ್‌ಐವಿ ಪ್ರಕರಣಗಳು 2002 ರ ಅರ್ಧಕ್ಕಿಂತ ಕೆಳಗಿಳಿದವು. ಅವುಗಳಲ್ಲಿ ಸೂಜಿಯಿಂದ ಬಂದದ್ದು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಲೈಂಗಿಕ ಸಂಪರ್ಕದಿಂದ ಹರಡುವುದು ಮಾತ್ರ ನಿಂತಿಲ್ಲ, ಅದು ಅಲ್ಲಿಯವರಿಗೆ ಇಂದಿಗೂ ತಲೆನೋವೇ.

ಇದಕ್ಕಾಗಿ ನಾವು ಮಲೇಷ್ಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದೇ ಕೆಲಸವನ್ನು ಉಚಿತವಾಗಿ ಮಾಡುತ್ತಿದೆ. ಚುಚ್ಚಿಕೊಳ್ಳುವವರು ಹೆಚ್ಚಿರುವ ಕಡೆಗಳಲ್ಲಿ ಶುದ್ಧ ಸೂಜಿ ಕೊಡುತ್ತಾರೆ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ, ಕೆಲವು ಕಡೆ ಮೆಥಡೋನ್ ಕೊಡುವ ಕೇಂದ್ರಗಳೂ ಇವೆ. ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ರಕ್ತ ಪರೀಕ್ಷೆ ಉಚಿತ, ವಿಷಯವನ್ನು ಗುಟ್ಟಾಗಿ ಇಡುತ್ತಾರೆ. ಮೊದಲ ವಾರಗಳಲ್ಲಿ ಸೋಂಕು ಕಾಣಿಸದೇ ಇರಬಹುದು, ಆದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಸಿರಿಂಜ್ ಹಂಚಿಕೊಂಡು 72 ಗಂಟೆ ಆಗಿಲ್ಲವಾದರೆ ಕೂಡಲೇ ವೈದ್ಯರನ್ನು ಕಾಣಿ, ಸೋಂಕು ತಡೆಯಲು 28 ದಿನ ತೆಗೆದುಕೊಳ್ಳುವ ಮಾತ್ರೆ ಉಂಟು. ಸೋಂಕು ಇದೆ ಎಂದಾದರೂ ಬದುಕು ಮುಗಿಯಲಿಲ್ಲ. ಮಂಗಳೂರಿನ ವೆನ್‌ಲಾಕ್‌ನಂಥ ಆಸ್ಪತ್ರೆಗಳ ಎಆರ್‌ಟಿ ಕೇಂದ್ರದಲ್ಲಿ ಸಿಗುವ ಉಚಿತ ಮಾತ್ರೆಯನ್ನು ತಪ್ಪದೆ ನುಂಗಿದರೆ ಎಲ್ಲರಂತೆ ದೀರ್ಘಕಾಲ ಬಾಳಬಹುದು.

ಕಾನೂನಿನ ಬೆಂಬಲವೂ ಇದೆ. 2017 ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿತರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವಂತಿಲ್ಲ. ಕೆಲಸ, ಶಾಲೆ, ಆಸ್ಪತ್ರೆಯಲ್ಲಿ ಭೇದ ಮಾಡುವಂತಿಲ್ಲ. ಸೋಂಕು ತಡೆಯಲು ಸೂಜಿ ಕೊಡುವುದು ಅಪರಾಧವೂ ಅಲ್ಲ.

ನಮ್ಮ ಕರಾವಳಿಯಲ್ಲಿ ಈಗ ಹೆಚ್ಚಾಗಿ ಕೇಳುವುದು ಗಾಂಜಾ, ಎಂಡಿಎಂಎ ಹೆಸರು. ಸೂಜಿ ನಮ್ಮ ಮೊಹಲ್ಲಾಕ್ಕೆ ಬರಲಿಕ್ಕಿಲ್ಲ ಅಂತ ಕೂತರೆ, ಅದು ಬಂದ ದಿನ ನಮಗೆ ಗೊತ್ತೇ ಆಗದು. ಏಕೆಂದರೆ ಬೈಗುಳಕ್ಕೆ, ಬಹಿಷ್ಕಾರಕ್ಕೆ ಹೆದರಿ ಹುಡುಗರು ಅಡಗುತ್ತಾರೆ. ಅಡಗಿದವರಿಗೆ ಹೊಸ ಸಿರಿಂಜ್ ಸಿಗುವುದಿಲ್ಲ, ಇದ್ದದ್ದನ್ನೇ ಹಂಚಿಕೊಳ್ಳುತ್ತಾರೆ. ರೋಗ ಬೆಳೆಯುವುದು ಅಲ್ಲಿಯೇ.

ಜಮಾಅತ್ ಕಮಿಟಿಗಳಿಗೆ ನಮ್ಮ ಕೋರಿಕೆ ದೊಡ್ಡದಲ್ಲ. ಗುಟ್ಟು ಕಾಯುವ ಇಬ್ಬರನ್ನು, ಒಬ್ಬ ಗಂಡಸು ಒಬ್ಬ ಹೆಂಗಸು, ಇದಕ್ಕಾಗಿ ಗೊತ್ತು ಮಾಡಿ. ಖತೀಬರು ಜುಮಾದ ದಿನ ಶಿಕ್ಷೆಯ ಮಾತಿನ ಜೊತೆಗೆ ಚಿಕಿತ್ಸೆಯ ಮಾತನ್ನೂ ಆಡಲಿ. ಎಚ್‌ಐವಿ ಸಹಾಯವಾಣಿ 1097, ಮಾದಕ ವ್ಯಸನದ ಸಹಾಯವಾಣಿ 14446, ಈ ಎರಡು ಸಂಖ್ಯೆಗಳು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಇರಲಿ.

ಇನ್ನು ಆ ಉಮ್ಮನಿಗೆ: ಮಗನನ್ನು ಹೊರಗೆ ಹಾಕಬೇಡಿ. ಹೊಡೆಯುವ ಮೊದಲು ಪರೀಕ್ಷೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಹೇಳಿ, ನಾವು ಜೊತೆಗೆ ಬರುತ್ತೇವೆ.