ದಿನಕ್ಕೆ 5 ಲೀಟರ್ ನೀರು ಎಲ್ಲರೂ ಕುಡಿಯಲೇಬೇಕೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಬಿಸಿಲು ಏರಿದಂತೆ ವಾಟ್ಸಾಪ್ ಗ್ರೂಪುಗಳಲ್ಲಿ ನೀರಿನ ಕುರಿತ ಸಂದೇಶಗಳೂ ಹೆಚ್ಚುತ್ತವೆ. ದಿನಕ್ಕೆ 5 ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಸ್ವಚ್ಛವಾಗುತ್ತದೆ, ಮೂತ್ರ ನೀರಿನಷ್ಟೇ ತಿಳಿಯಾಗಿದ್ದರೆ ಮಾತ್ರ ಆರೋಗ್ಯ ಚೆನ್ನಾಗಿದೆ ಎಂದರ್ಥ – ಇದು ಅವುಗಳ ಸಾರಾಂಶ. ಗುಡೂರು, ಇಳಕಲ್, ಹುನಗುಂದದಂಥ ಬಿಸಿಲಿನ ಊರುಗಳಲ್ಲಿ ಸಾಕಷ್ಟು ನೀರು ಕುಡಿಯಿರಿ ಎನ್ನುವುದು ಒಳ್ಳೆಯ ಮಾತೇ. ಆದರೆ ಎಲ್ಲರಿಗೂ ಒಂದೇ ಅಳತೆ ಹೇಳುವುದು ತಪ್ಪು. ಕೆಲವರಿಗೆ ಅದರಿಂದ ಜೀವಕ್ಕೇ ಅಪಾಯ. ಏಕೆ ಎಂದು ನೋಡೋಣ.

ಕಿಡ್ನಿಯನ್ನು ನೀರು ತೊಳೆಯುತ್ತದೆಯೇ?

ಇಲ್ಲ. ತೊಳೆಯುವ ಕೆಲಸ ಕಿಡ್ನಿಯದೇ. ಆರೋಗ್ಯವಂತರ ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹಕ್ಕೇ ಮರಳಿಸಿ, ಒಂದರಿಂದ ಎರಡು ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಹೆಚ್ಚಾದರೆ ತೆಳುವಾಗುತ್ತದೆ. ಹೆಚ್ಚು ಕುಡಿದ ಮಾತ್ರಕ್ಕೆ ಕಿಡ್ನಿ ಇನ್ನಷ್ಟು ಶುದ್ಧವಾಗುವುದಿಲ್ಲ.

ಹಾಗಾದರೆ ನಿಗದಿತ ಲೀಟರ್ ಲೆಕ್ಕ ಎಲ್ಲಿಂದ ಬಂತು? 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದಿತ್ತು. ಅದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಎಂದೂ ಹೇಳಿತ್ತು. ಜನರ ಬಾಯಲ್ಲಿ ಮೊದಲ ಮಾತು ಉಳಿಯಿತು, ಎರಡನೆಯದು ಬಿಟ್ಟುಹೋಯಿತು. ಸಾರು, ಮಜ್ಜಿಗೆ, ಅಂಬಲಿ, ಚಹಾ, ಸೌತೆಕಾಯಿ, ಕಲ್ಲಂಗಡಿ ಎಲ್ಲದರಲ್ಲೂ ನೀರಿದೆ.

ನರ್ಸ್‌ಗಳು ಇಡುವ ಲೆಕ್ಕ

ಆಸ್ಪತ್ರೆಯಲ್ಲಿ ರೋಗಿಯ ಮಂಚದ ಬಳಿ ಒಂದು ಹಾಳೆ ನೋಡಿರುತ್ತೀರಿ. ನರ್ಸಿಂಗ್ ವಿದ್ಯಾರ್ಥಿಗಳು ಮೊದಮೊದಲು ಕಲಿಯುವ ಪಾಠಗಳಲ್ಲಿ ಈ ಇನ್‌ಟೇಕ್–ಔಟ್‌ಪುಟ್ ಚಾರ್ಟ್ ಕೂಡ ಒಂದು. ಒಳಗೆ ಹೋದದ್ದು ಒಂದು ಕಡೆ: ಕುಡಿದ ನೀರು, ಗಂಜಿ, ಸಲೈನ್. ಹೊರಗೆ ಬಂದದ್ದು ಇನ್ನೊಂದು ಕಡೆ: ಮೂತ್ರ, ವಾಂತಿ, ಭೇದಿ. ಬೆವರು ಮತ್ತು ಉಸಿರಿನಲ್ಲಿ ಹೋಗುವ ನೀರನ್ನು ಅಳೆಯಲಾಗದು, ಅದನ್ನು ಅಂದಾಜು ಮಾಡಬೇಕು.

ವಯಸ್ಕರ ಮೂತ್ರಕ್ಕೆ ನರ್ಸ್‌ಗಳು ನೋಡುವ ಕನಿಷ್ಠ ಮಟ್ಟ, ದೇಹದ ಪ್ರತಿ ಕೆ.ಜಿ. ತೂಕಕ್ಕೆ ಗಂಟೆಗೆ 0.5 ಮಿ.ಲೀ. ಅಂದರೆ 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ., ದಿನಕ್ಕೆ 720 ಮಿ.ಲೀ. ದಿನದ ಮೂತ್ರ 400 ಮಿ.ಲೀ.ಗಿಂತ ಕೆಳಗಿಳಿದರೆ ತಕ್ಷಣ ವೈದ್ಯರಿಗೆ ತಿಳಿಸುತ್ತಾರೆ.

ಗಮನಿಸಿ, ಇಲ್ಲಿ ಎಷ್ಟು ಗ್ಲಾಸ್ ಕುಡಿದಿರಿ ಎಂಬುದೊಂದನ್ನೇ ನೋಡುವುದಿಲ್ಲ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಹೊಂದಿಕೆ ಇದೆಯೇ ಎಂದು ನೋಡುತ್ತಾರೆ. ಕಿಡ್ನಿಯಲ್ಲಿ ಕಲ್ಲು ಆದವರಿಗೂ ವೈದ್ಯರು ಸಾಮಾನ್ಯವಾಗಿ ಹೇಳುವುದು, ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಹೋಗುವಷ್ಟು ಕುಡಿಯಿರಿ ಎಂದು.

ನಮ್ಮೂರಿನ ಕೆಲಸ, ನಮ್ಮ ಅಳತೆ

ಮನೆಯೊಳಗೆ ಮಗ್ಗದಲ್ಲಿ ಕೂತು ಇಳಕಲ್ ಸೀರೆ ನೇಯುವವರಿಗೂ, ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರಿಗೂ ಒಂದೇ ಅಳತೆ ಹೊಂದುವುದಿಲ್ಲ. ಸುಡುಬಿಸಿಲಿನಲ್ಲಿ ಮೈಮುರಿದು ದುಡಿದರೆ ಗಂಟೆಗೆ ಒಂದು ಲೀಟರ್‌ವರೆಗೂ ಬೆವರು ಹೋಗಬಹುದು. ಅಂಥವರಿಗೆ 5 ಲೀಟರ್ ಕೂಡ ಸಾಲದೇ ಹೋಗಬಹುದು. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ, ಊಟ ಅಥವಾ ಓಆರ್‌ಎಸ್ ಬೇಕು. ಒಂದು ಲೀಟರ್ ನೀರಿಗೆಂದು ಬರೆದಿರುವ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕೆ ಸುರಿದು ಕುಡಿದರೆ ಉಪ್ಪು ಅತಿಯಾಗುತ್ತದೆ.

ಇನ್ನೊಂದು ವಿಷಯ. ಹತ್ತಿರದಲ್ಲಿ ಶೌಚಾಲಯ ಇಲ್ಲವೆಂದು ಹೊಲಕ್ಕೆ, ಸಂತೆಗೆ, ದೂರದ ಪ್ರಯಾಣಕ್ಕೆ ಹೊರಟ ಅನೇಕ ಹೆಣ್ಣುಮಕ್ಕಳು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಬಂದ ಮೂತ್ರವನ್ನೂ ತಡೆದುಕೊಳ್ಳುತ್ತಾರೆ. ಇದು ದಿನವೂ ನಡೆದರೆ ಉರಿಮೂತ್ರ, ಮೂತ್ರನಾಳದ ಸೋಂಕು, ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ. ಇವರಿಗೆ 5 ಲೀಟರ್ ಕುಡಿಯಿರಿ ಎಂದು ಸಂದೇಶ ಕಳಿಸಿದರೆ ಪ್ರಯೋಜನವಿಲ್ಲ. ಕೆಲಸದ ಜಾಗದಲ್ಲಿ ಬಾಗಿಲು, ನೀರು ಇರುವ ಶೌಚಾಲಯ ಬೇಕು.

ಯಾರಿಗೆ ಅಪಾಯ?

ಕಿಡ್ನಿ ವೈಫಲ್ಯ ಅಥವಾ ಹೃದಯ ದುರ್ಬಲವಾಗಿರುವವರಿಗೆ ಹೆಚ್ಚಾದ ನೀರನ್ನು ಹೊರಹಾಕುವ ಶಕ್ತಿ ಕಡಿಮೆ. ಅದು ಕಾಲಿನಲ್ಲಿ ಬಾವಾಗಿ, ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಿಸಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು, ಜೊತೆಗೆ ಸುಮಾರು 500 ಮಿ.ಲೀ. ಮಾತ್ರ ಕುಡಿಯಲು ಹೇಳುತ್ತಾರೆ. ಅವರು ಫಾರ್ವರ್ಡ್ ನಂಬಿ 5 ಲೀಟರ್ ಕುಡಿದರೆ ಏನಾದೀತು, ಯೋಚಿಸಿ.

ಮನೆಯಲ್ಲಿ ಇಂಥ ರೋಗಿ ಇದ್ದರೆ ಪ್ರತಿದಿನ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಒಂದೆರಡು ದಿನದಲ್ಲೇ ಎರಡು ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ವೈದ್ಯರಿಗೆ ತಿಳಿಸಿ.

ಆರೋಗ್ಯವಂತರೂ ಪಂದ್ಯ ಕಟ್ಟಿದಂತೆ ಒಂದೇ ಸಮನೆ ಹಲವು ಲೀಟರ್ ಕುಡಿಯಬಾರದು. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಫಿಟ್ಸ್ ಬರಬಹುದು.

ಬಣ್ಣ ಏನು ಹೇಳುತ್ತದೆ?

ತಿಳಿಹಳದಿ ಇದ್ದರೆ ಸಾಕು, ನೀರಿನಂತೆ ಬಣ್ಣವೇ ಇಲ್ಲದಿರಬೇಕು ಎಂದಿಲ್ಲ. ಗಾಢ ಹಳದಿ ಇದ್ದರೆ ಸಾಮಾನ್ಯವಾಗಿ ನೀರು ಕಡಿಮೆಯಾಗಿದೆ. ಆದರೆ ಬಿ ವಿಟಮಿನ್ ಮಾತ್ರೆ ನುಂಗಿದರೂ ಹಳದಿಯಾಗುತ್ತದೆ, ಬೀಟ್‌ರೂಟ್ ತಿಂದರೆ ಕೆಂಪಾಗಬಹುದು, ಟಿಬಿಗೆ ಕೊಡುವ ರಿಫಾಂಪಿಸಿನ್‌ನಿಂದ ಕೇಸರಿ ಬಣ್ಣ ಬರುತ್ತದೆ. ಇದಕ್ಕೆ ಹೆದರಿ ಟಿಬಿ ಮಾತ್ರೆ ನಿಲ್ಲಿಸಬೇಡಿ.

ಯಾವಾಗ ಆಸ್ಪತ್ರೆಗೆ?

• ಮೂತ್ರದಲ್ಲಿ ರಕ್ತ, ಅಥವಾ ನೀರು ಕುಡಿದರೂ ಕಡಿಮೆಯಾಗದ ಕಡುಗಂದು ಬಣ್ಣ
• ಚಳಿಜ್ವರದ ಜೊತೆ ಉರಿಮೂತ್ರ, ಪಕ್ಕೆನೋವು
• ವಾಂತಿಭೇದಿಯಾದ ಮಗು 6 ಗಂಟೆ ಮೂತ್ರ ಮಾಡದಿರುವುದು
• ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದರೂ ಮೂತ್ರ ಬಾರದಿರುವುದು
• ಬಿಸಿಲಲ್ಲಿ ದುಡಿದವರು ತಬ್ಬಿಬ್ಬಾಗಿ ಮಾತಾಡುವುದು, ಪ್ರಜ್ಞೆ ತಪ್ಪುವುದು (108ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು ಮೈ ತಣ್ಣಗಾಗಿಸಿ, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ)

ನಮ್ಮ ತೀರ್ಮಾನ

ಎಲ್ಲರೂ ದಿನಕ್ಕೆ 5 ಲೀಟರ್ ಕುಡಿಯಬೇಕು ಎಂಬುದು ತಪ್ಪು ಮಾಹಿತಿ. ಆರೋಗ್ಯವಂತರು ಬಾಯಾರಿಕೆ, ಬೆವರು ಮತ್ತು ಮೂತ್ರದ ಬಣ್ಣ ನೋಡಿಕೊಂಡು ಕುಡಿದರೆ ಸಾಕು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಅವರಿಗೆ ಆಗಾಗ ನೀವೇ ಕೇಳಿ ಕೊಡಿ. ಕಿಡ್ನಿ, ಹೃದಯದ ತೊಂದರೆ ಇರುವವರು ತಮ್ಮ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಲಿ. 5 ಲೀಟರ್‌ನ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಅಲ್ಲಿ ಅಂಥ ರೋಗಿಗಳೂ ಇರಬಹುದು ಎಂಬುದು ನೆನಪಿರಲಿ. ಅದನ್ನು ಮುಂದಕ್ಕೆ ಕಳಿಸಬೇಡಿ.